ಅಜ್ಜಿಯ ಹುಳದ ಮನೆಯಲ್ಲಿ ನಾನು ಹಚ್ಚಿದ ಧೂಪ

ಜಪಾನಿಗೆ ಹೋಗಿ ಬಂದವನೆಂದು ಶಿಡ್ಲಘಟ್ಟದಲ್ಲಿ ನನ್ನನ್ನು ಈಗಲೂ ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಹಸಿ ಮೀನು ತಿಂದೆಯಾ, ಎಲ್ಲರೂ ಒಂದೇ ತೊಟ್ಟಿಯಲ್ಲಿ ಸ್ನಾನ ಮಾಡುತ್ತಾರಂತೆ ಹೌದಾ, ರೈಲು ಹೇಳಿದ ಹೊತ್ತಿಗೇ ಬರುತ್ತದಾ ಎಂದು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಬಾಯಿಪಾಠವಾಗಿದೆ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಒಮ್ಮೆ, ಗೌರಿಬಿದನೂರಿನ ರೈತರ ಸಭೆಯಲ್ಲಿ ಒಮ್ಮೆ ಭಾಷಣ ಮಾಡಿ ಹಾರವನ್ನೂ ಹಾಕಿಸಿಕೊಂಡಿದ್ದೇನೆ. ಆದರೆ ಅಲ್ಲಿ ಕಳೆದ ಮೂರು ದಿನಗಳ ಸಂಗತಿಯನ್ನು ಯಾವ ಸಭೆಯಲ್ಲೂ ಹೇಳಿಲ್ಲ. ನಮ್ಮಮ್ಮನಿಗೂ ಹೇಳಿಲ್ಲ. ಹಾರ ಹಾಕಿದವರಿಗೆ ಮೋಸ ಮಾಡಿದಂತಾಗಿದೆ ಅನ್ನಿಸಿ ಈಗ ಬರೆಯುತ್ತಿದ್ದೇನೆ.

ನಾನು ಹುಳ ಸಾಕುವ ಮನೆಯಲ್ಲೇ ಹುಟ್ಟಿದವನು. ಓದಿದ್ದು ಎಸ್ಸೆಸ್ಸೆಲ್ಸಿ, ಕೆಲಸ ರೇಷ್ಮೆ ಇಲಾಖೆಯಲ್ಲಿ, ರೈತರಿಗೆ ಹುಳ ಸಾಕುವ ಕ್ರಮ ತೋರಿಸಿಕೊಡುವುದು. ಐವತ್ತರ ದಶಕ ಮುಗಿಯುತ್ತಾ ಬಂದಾಗ ಜಪಾನಿನಲ್ಲಿ ತರಬೇತಿಗೆಂದು ನಮ್ಮ ಕಡೆಯಿಂದ ಇಬ್ಬರನ್ನು ಆರಿಸಿದರು. ಒಬ್ಬ ನಾನು, ಇನ್ನೊಬ್ಬ ಚಿಂತಾಮಣಿಯ ಕದಿರಪ್ಪ. ನನಗೆ ಮೊದಲಿನಿಂದಲೂ ಒಂದು ಚಟ. ಏನನ್ನು ಕಂಡರೂ ಅದರ ಹಿಂದೆ ಏನಿದೆ ಎಂದು ಊಹಿಸುವುದು, ಊಹೆ ಸರಿಯಾದರೆ ವಾರಗಟ್ಟಲೆ ಬೀಗುವುದು. ಆ ಚಟವೇ ನನ್ನನ್ನು ಹಳ್ಳಕ್ಕೆ ಕೆಡವಿತು.

ಹಡಗಿನಲ್ಲಿ

ಕದಿರಪ್ಪನ ಮನೆಮಾತು ತೆಲುಗು. ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದ. ಹಡಗು ಹತ್ತಿದ ಎರಡು ದಿನ ವಾಂತಿ ಮಾಡಿಕೊಂಡು ಮಲಗಿದ್ದವನು ಮೂರನೆಯ ದಿನ ಎದ್ದು ಕುಳಿತು, ಹುರಿಹಿಟ್ಟು ಕಲಸಿಕೊಂಡು ತಿನ್ನತೊಡಗಿದ. ಹೊತ್ತು ಹೋಗಲೆಂದು ನಾನು ನನ್ನ ಕಥೆಗಳ ಸರಕು ಬಿಚ್ಚಿದೆ. ನಮ್ಮ ಸೀಮೆಗೆ ರೇಷ್ಮೆ ಬಂದದ್ದು ಶ್ರೀರಂಗಪಟ್ಟಣದ ಸುಲ್ತಾನ ಹುಳಕ್ಕಾಗಿ ಬಂಗಾಳಕ್ಕೆ ಜನರನ್ನು ಅಟ್ಟಿದ್ದರಿಂದ. ಚೀನಾದವರು ಅದೆಷ್ಟೋ ಕಾಲ ಈ ವಿದ್ಯೆಯನ್ನು ಹೊರಗೆ ಬಿಟ್ಟುಕೊಡಲೇ ಇಲ್ಲ. ಕೊನೆಗೆ ಅಲ್ಲಿಯ ಒಬ್ಬ ರಾಜಕುಮಾರಿ ಬೇರೆ ದೇಶದ ದೊರೆಗೆ ಮದುವೆಯಾಗಿ ಹೊರಟಾಗ ಹುಳದ ಮೊಟ್ಟೆಗಳನ್ನು ಮುಡಿಯೊಳಗೆ ಬಚ್ಚಿಟ್ಟುಕೊಂಡಳಂತೆ. ಗಡಿಯ ಕಾವಲಿನವರು ಗಾಡಿ, ಪೆಟ್ಟಿಗೆ ಎಲ್ಲ ಜಾಲಾಡಿದರೂ ರಾಜಕುಮಾರಿಯ ತಲೆ ಮುಟ್ಟಲಾದೀತೇ.

"ತಲೇಲಿ ಹೇನು ಬಿದ್ದಿದ್ರೆ ಏನ್ ಮಾಡ್ತಿದ್ಲೋ ಪಾಪ," ಎಂದ ಕದಿರಪ್ಪ. "ಕೆರ್ಕೊಳ್ಳೋಕೂ ಆಗ್ತಿರ್ಲಿಲ್ಲ."

"ನಿನಗೆ ಕಥೆ ಹೇಳೋನೇ ತಪ್ಪು ಮಾಡ್ದೋನು."

"ಹೇಳಪ್ಪ, ಹೇಳು. ಅಲ್ಲಿಗೆ ಹೋದ್ಮೇಲೆ ನಾನೂ ನಿಂಗೊಂದು ಹೇಳ್ತೀನಿ."

ಹಾಗೆ ಅಂದದ್ದು ಅವನಿಗೆ ಆಮೇಲೆ ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದಂತೂ ಹೇಳಿದ.

ಬೆಟ್ಟದ ಹಳ್ಳಿ

ಮೊದಲ ಕೆಲವು ವಾರ ಭಾಷೆ ಕಲಿಸಿ, ನಾಗಾನೋ ಸೀಮೆಯ ಹಳ್ಳಿಗಳಲ್ಲಿ ನಮ್ಮನ್ನು ಒಂದೊಂದು ಮನೆಗೆ ಹಾಕಿದರು. ಕದಿರಪ್ಪ ಇದ್ದದ್ದು ಪಕ್ಕದ ಹಳ್ಳಿಯಲ್ಲಿ. ನನ್ನ ಮನೆಯಲ್ಲಿ ಇದ್ದವರು ಇಬ್ಬರೇ: ಎಪ್ಪತ್ತು ದಾಟಿದ ಅಜ್ಜಿ, ನಲವತ್ತರ ಆಸುಪಾಸಿನ ಅವರ ಮಗ ಸಾಬುರೋ. ಅಜ್ಜಿ ಕುಳ್ಳಗೆ, ಬೆನ್ನು ಬಾಗಿ, ನಡೆಯುವಾಗ ನೆಲದಲ್ಲಿ ಏನನ್ನೋ ಹುಡುಕುವವರಂತೆ ಕಾಣುತ್ತಿದ್ದರು. ನನ್ನ ಮುರುಕು ಜಪಾನಿಗೆ ಅವರು ನಗುತ್ತಿರಲಿಲ್ಲ, ತಿದ್ದುತ್ತಲೂ ಇರಲಿಲ್ಲ. ಅವರ ಮಾತು ಸಣ್ಣ ಸಣ್ಣದು, ಕೈಸನ್ನೆ ಜಾಸ್ತಿ. ನನಗೆ ಎಲ್ಲ ತಿಳಿಯುತ್ತಿತ್ತು.

ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಕದಲದೆ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಅವರು ಅದನ್ನೇ ನಿದ್ದೆ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ನಾಲ್ಕನೇ ಜ್ವರ ಎಂದರೆ ಹೆಂಗಸರ ಮುಖ ಬಾಡುತ್ತದೆ, ಇಲ್ಲಿ ನಾಲ್ಕನೇ ನಿದ್ದೆ ಎಂದು ಅಜ್ಜಿ ಮೆಲ್ಲಗೆ ಹೆಜ್ಜೆಯಿಟ್ಟು ನಡೆಯುತ್ತಿದ್ದರು. ಹುಳದ ಹೆಸರು ಹೇಳುವಾಗ ಮುಂದೆ ಹಿಂದೆ ಎರಡೂ ಕಡೆ ಗೌರವದ ಮಾತು ಸೇರಿಸುತ್ತಿದ್ದರು, ನಾವು ಮಾವನವರು ಎಂದ ಹಾಗೆ.

ಹುಳದ ಮನೆಯ ಗೋಡೆಗೆ ಬೆಕ್ಕಿನ ಚಿತ್ರವೊಂದನ್ನು ಅಂಟಿಸಿದ್ದರು. "ಇಲಿಗೆ ತಾನೇ?" ಎಂದೆ. ಅಜ್ಜಿ ಹೌದೆಂದು ತಲೆಯಾಡಿಸಿದರು. ಹುಳ ತಿನ್ನುವ ಇಲಿಗಳನ್ನು ಓಡಿಸಲು ಬೆಕ್ಕು ಸಾಕಲಾಗದ ಬಡವರು ಹಿಂದೆ ಬೆಕ್ಕಿನ ಚಿತ್ರವನ್ನೇ ತಂದು ಅಂಟಿಸುತ್ತಿದ್ದರಂತೆ. ಊರ ಹೊರಗೆ ಒಂದು ಕಲ್ಲು ನಿಲ್ಲಿಸಿದ್ದರು. ನೂಲು ತೆಗೆಯಲು ಬಿಸಿನೀರಿಗೆ ಹೋಗುವ ಹುಳಗಳಿಗಾಗಿಯೇ ಇರಬೇಕು ಎಂದು ಊಹಿಸಿದೆ. ಅದೂ ಸರಿಯಾಯಿತು. ವರ್ಷಕ್ಕೊಮ್ಮೆ ಅದರ ಮುಂದೆ ಕೈಮುಗಿದು ಸತ್ತ ಹುಳಗಳಿಗೆ ತಪ್ಪಾಯಿತು ಎನ್ನುತ್ತಾರೆ. ನಮ್ಮೂರಿನಲ್ಲಿ ದಿನಾ ಅಷ್ಟೊಂದು ಗೂಡು ಬೇಯಿಸುತ್ತೇವೆ, ಒಬ್ಬರಾದರೂ ಹೀಗೆ ಅಂದದ್ದನ್ನು ನಾನು ಕೇಳಿಲ್ಲ. ಎರಡು ಊಹೆ ಸರಿಯಾದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕದಿರಪ್ಪನಿಗೆ ಕಾಗದ ಬರೆದು ಜಂಬ ಕೊಚ್ಚಿಕೊಂಡೆ.

ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಆ ಮನೆಯ ಮಹಡಿಯ ಮೇಲೆ ಇದ್ದದ್ದು ಎಲ್ಲರೂ ಸಾಕುವ ಮಿಶ್ರತಳಿ, ಮನೆಯ ಜೀವನಕ್ಕೆ. ಕೆಳಗಿನ ಕೋಣೆಯಲ್ಲಿ ಇದ್ದದ್ದು ಬೇರೆ. ಅಜ್ಜಿಯ ತಾಯಿ ತವರಿನಿಂದ ತಂದ ಹಳೆಯ ತಳಿ, ಸಣ್ಣ ಗೂಡು, ಕಡಿಮೆ ನೂಲು, ಬೇರೆಲ್ಲೂ ಉಳಿದಿರಲಿಲ್ಲ. ಅಲ್ಲಿ ರೈತರು ಪರವಾನಗಿ ಇದ್ದವರಿಂದಲೇ ಮೊಟ್ಟೆ ತರಬೇಕೆಂಬ ಕಟ್ಟುನಿಟ್ಟಿತ್ತು. ಆದರೂ ಈ ತಳಿ ಅಳಿಯದಿರಲೆಂದು ಅಜ್ಜಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು. ವರ್ಷಕ್ಕೊಂದೇ ಸಲ ಸಾಕುವುದು. ಆ ವರ್ಷದ ಹುಳ ಗೂಡು ಕಟ್ಟಿ, ಚಿಟ್ಟೆಯಾಗಿ, ಮೊಟ್ಟೆಯಿಟ್ಟರೆ ಮುಂದಿನ ವರ್ಷಕ್ಕೆ ಬಿತ್ತನೆ. ಇಲ್ಲವಾದರೆ ಅಲ್ಲಿಗೆ ಅದರ ವಂಶ ಮುಗಿಯಿತು.

ಶುಕ್ರವಾರ

ಅಂದು ಬೆಳಗ್ಗೆ ಕೆಳಗಿನ ಕೋಣೆಯ ಹುಳ ಹಣ್ಣಾದವು. ಮೈಯೆಲ್ಲ ಜೇನುಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ನೂಲು ಹಾಕಲು ಜಾಗ ಹುಡುಕುತ್ತಿದ್ದವು. ನಮ್ಮ ಮನೆಯಲ್ಲಿ ಹುಳ ಹಣ್ಣಾದ ದಿನ ಅಮ್ಮ ತಲೆಗೆ ನೀರು ಹಾಕಿಕೊಂಡು, ಹುಳದ ಮನೆಯ ಮೂಲೆಯಲ್ಲಿ ಒಂದಿಷ್ಟು ಧೂಪ ಹಾಕದೆ ಹುಳ ಮುಟ್ಟುತ್ತಿರಲಿಲ್ಲ. ಅದೂ ಶುಕ್ರವಾರವಾದರೆ ಕೇಳಲೇಬೇಡಿ. ಅಜ್ಜಿಯ ಕೋಣೆಯಲ್ಲೂ ಹುಳದ ದೇವತೆಯ ಪುಟ್ಟ ಗುಡಿ, ಅದರ ಮುಂದೆ ಮರಳು ತುಂಬಿದ ಬಟ್ಟಲು ಇದ್ದವು. ಅಜ್ಜಿ ಆಗೀಗ ಊದುಕಡ್ಡಿ ಹಚ್ಚುವುದನ್ನು ಕಂಡಿದ್ದೆ.

ಅಜ್ಜಿ ಮತ್ತು ಸಾಬುರೋ ಮಹಡಿಯ ಹುಳಕ್ಕೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬನೇ. ಊದುಕಡ್ಡಿಯ ಡಬ್ಬಿ ಖಾಲಿ. ಹುಡುಕುತ್ತ ಉಗ್ರಾಣಕ್ಕೆ ಹೋದಾಗ ಮೇಲಿನ ಹಲಗೆಯ ಮೇಲೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರೊಳಗೆ ಮೂರು ಸುತ್ತು ಕಾಗದದಲ್ಲಿ ಕಟ್ಟಿಟ್ಟ ಒಂದು ಹಸಿರು ವಸ್ತು. ಸುತ್ತು ಸುತ್ತಾಗಿ, ಒಳಗಿನಿಂದ ಹೊರಕ್ಕೆ ಸುರುಳಿ ಬಿಚ್ಚಿಕೊಂಡಂತೆ. ಮೂಸಿದರೆ ಒಣಗಿದ ಹೂವಿನ ವಾಸನೆ.

ನಮ್ಮ ಕಡೆ ಹಣ್ಣು ಹುಳವನ್ನು ಬಿಡುವ ಬಿದಿರಿನ ಚಂದ್ರಂಕಿಯನ್ನು ನೋಡಿದವರಿಗೆ ನನ್ನ ತಲೆಯಲ್ಲಿ ಏನು ಓಡಿತೆಂದು ತಿಳಿಯುತ್ತದೆ. ಅದರ ಮೇಲೂ ಬಿದಿರಿನ ಪಟ್ಟಿ ಹೀಗೆಯೇ ಸುತ್ತು ಸುತ್ತಾಗಿ ನಿಂತಿರುತ್ತದೆ, ಆ ಸುತ್ತುಗಳ ನಡುವೆ ಹುಳ ಗೂಡು ಕಟ್ಟುತ್ತದೆ. ಹುಳದ ದೇವತೆಗೆ ಚಂದ್ರಂಕಿಯ ಆಕಾರದ ಧೂಪ. ಎಷ್ಟು ಅಚ್ಚುಕಟ್ಟು ಜನ, ಮೂರು ಕಾಗದದಲ್ಲಿ ಕಟ್ಟಿ ಮಡಿಯಾಗಿ ಇಟ್ಟಿದ್ದಾರೆ ಎಂದು ಮೆಚ್ಚಿಕೊಂಡೆ. ಮೂರನೆಯ ಊಹೆಯೂ ಸರಿಯಾಯಿತೆಂದು ಬೀಗಿದೆ. ದೇವತೆಯ ಮುಂದೆ ಬಟ್ಟಲಿನ ಮೇಲೆ ಇಟ್ಟು ತುದಿಗೆ ಬೆಂಕಿ ತಾಗಿಸಿ, ಹೊಗೆ ಒಳಗೇ ನಿಲ್ಲಲೆಂದು ಕಾಗದದ ಬಾಗಿಲನ್ನೂ ಎಳೆದು ಮುಚ್ಚಿದೆ. ಕೈಮುಗಿದೆ. ಹೊರಗಿನ ಸುತ್ತು ಉರಿದ ಮೇಲೆ, ಪರರ ವಸ್ತು ಪೂರ್ತಿ ಉರಿಸುವುದು ಸರಿಯಲ್ಲವೆಂದು ಆರಿಸಿ, ಮೊದಲಿನಂತೆಯೇ ಕಾಗದದಲ್ಲಿ ಕಟ್ಟಿಟ್ಟೆ. ಬಾಗಿಲು ತೆರೆದು, ಹೊಗೆಯೆಲ್ಲ ಹೋದ ಮೇಲೆ ಹಿತ್ತಿಲಿಗೆ ಹೋಗಿ ಹುಳ ಸಾಕುವ ಖಾಲಿ ತಟ್ಟೆಗಳನ್ನು ತೊಳೆಯುತ್ತ ಕುಳಿತೆ.

ಅಜ್ಜಿ ಬಂದು ಕೋಣೆಗೆ ಹೋದವರು ಹೊರಗೆ ಬರಲೇ ಇಲ್ಲ. ನಾನು ಹೋಗಿ ನೋಡಿದೆ. ಹುಳಗಳು ತಲೆಯನ್ನು ಆ ಕಡೆ ಈ ಕಡೆ ಒಗೆಯುತ್ತಿದ್ದವು, ಬಾಯಲ್ಲಿ ಹಸಿರು ನೀರು. ಕೆಲವು ಮೈ ಮೊಟಕು ಮಾಡಿಕೊಂಡು ಮಗ್ಗುಲಾಗಿ ಬಿದ್ದಿದ್ದವು. ಅಷ್ಟು ವರ್ಷ ಹುಳ ನೋಡಿದವನು ನಾನು, ಅಂಥದ್ದನ್ನು ಕಂಡಿರಲಿಲ್ಲ. ಅಜ್ಜಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ತಟ್ಟೆಯ ಮುಂದೆ ಕುಳಿತಿದ್ದರು.

ಸಾಬುರೋ ಸೈಕಲ್ ಹತ್ತಿ ಹೋಗಿ, ಮಧ್ಯಾಹ್ನಕ್ಕೆ ರೇಷ್ಮೆ ಕಚೇರಿಯ ಅಧಿಕಾರಿಯನ್ನು ಕರೆತಂದ. ಇಂಗ್ಲಿಷ್ ಬಲ್ಲ, ಮೃದು ಮಾತಿನ ಮನುಷ್ಯ. ಹುಳವನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸುತ್ತಮುತ್ತ ಗದ್ದೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ಕೇಳಿದರು, ಇಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಯಾರಾದರೂ ಸೊಪ್ಪು ಹಾಕಿದಿರಾ, ಇಲ್ಲ. ನನ್ನ ಕಡೆ ತಿರುಗಿ, "ನೀವು ಹೊರಗಿನಿಂದ ಏನಾದರೂ ತಂದಿರಾ?" ಎಂದರು. ಇಲ್ಲವೆಂದೆ. ಅದು ನಿಜವೇ ಆಗಿತ್ತು.

ಹೋಗುವ ಮುಂಚೆ ಅವರು ಅಂಗಳದಲ್ಲಿ ನಿಂತು ಹೇಳಿದರು. "ಕಾರಣ ಗೊತ್ತಾಗಲಿಲ್ಲ. ರೋಗವಾಗಿದ್ದರೆ ಹಳ್ಳಿಗೆಲ್ಲ ಹರಡುತ್ತದೆ. ನಾಳೆ ಮಧ್ಯಾಹ್ನದವರೆಗೆ ನೋಡುತ್ತೇನೆ. ಆಗಲೂ ಗೊತ್ತಾಗದಿದ್ದರೆ ಈ ಮನೆಯ ಹುಳವನ್ನೆಲ್ಲ ಸುಡಬೇಕು, ಮಹಡಿಯ ಮೇಲಿನದನ್ನೂ. ಇದೇ ತೋಟದ ಸೊಪ್ಪು ತೆಗೆದುಕೊಂಡ ಪಕ್ಕದ ಮನೆಯದನ್ನೂ."

ಅಜ್ಜಿ ಬಗ್ಗಿ ನಮಸ್ಕರಿಸಿದರು. ಸಾಬುರೋ ಅಂಗಳದಲ್ಲಿ ಒಣಹುಲ್ಲು ಒಟ್ಟತೊಡಗಿದ.

ಶನಿವಾರ, ಮಧ್ಯಾಹ್ನದ ಒಳಗೆ

ಸುದ್ದಿ ಪಕ್ಕದ ಹಳ್ಳಿಗೂ ಮುಟ್ಟಿ ಕದಿರಪ್ಪ ಬೆಳಗ್ಗೆಯೇ ಬಂದ. ಅವನು ಒಳಗೆ ಕಾಲಿಟ್ಟಾಗ ನಾನು ಉಗ್ರಾಣದಿಂದ ಆ ಡಬ್ಬಿ ಇಳಿಸುತ್ತಿದ್ದೆ. ನಿನ್ನೆ ಧೂಪವನ್ನು ಅರ್ಧಕ್ಕೆ ಆರಿಸಿದ್ದೇ ತಪ್ಪಾಯಿತೇನೋ, ಇವತ್ತು ಪೂರ್ತಿ ಹಚ್ಚಿ ಬೇಡಿಕೊಳ್ಳೋಣ ಎಂದು ನನ್ನ ಮನಸ್ಸು. ನಾನು ಕಾಗದ ಬಿಚ್ಚಿ ಸುರುಳಿಯನ್ನು ಕೈಗೆ ತೆಗೆದುಕೊಂಡೆ.

"ಏನೋ, ಬೆಳ್ ಬೆಳಗ್ಗೆ ಸೊಳ್ಳೆಗೆ ಹಚ್ತೀಯಾ?" ಎಂದ ಕದಿರಪ್ಪ.

"ಸೊಳ್ಳೆಗೇನು? ಇದು ಧೂಪ ಕಣೋ."

"ಧೂಪ ಅಂತೆ. ಲೇ, ಇದು ಸೊಳ್ಳೆ ಕೊಲ್ಲೋದು ಕಣಪ್ಪ. ನಮ್ಮನೆ ಯಜಮಾನ ಹೇಳ್ದ. ಸೇವಂತಿಗೆ ತರದ್ದು ಒಂದು ಹೂವು, ಅದನ್ನ ಒಣಗಿಸಿ ಪುಡಿ ಮಾಡಿ ಮಾಡ್ತಾರಂತೆ." ಅವನು ಸುರುಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಕಥೆ ಹೇಳುವ ಸರದಿ ತನಗೆ ಬಂತೆಂಬ ಖುಷಿ ಅವನಿಗೆ. "ಮೊದ್ಲು ಇದು ಊದಿನಕಡ್ಡಿ ತರ ನೆಟ್ಟಗೆ ಇತ್ತಂತೆ. ಹಚ್ಚಿದ್ರೆ ಒಂದು ಗಳಿಗೇಲಿ ಉರಿದು ಹೋಗೋದು. ಮಾಡೋನ ಹೆಂಡ್ತಿ ಒಂದಿನ ಉಗ್ರಾಣಕ್ಕೆ ಹೋದ್ರೆ ಹಾವು ಸುತ್ಕೊಂಡು ಮಲಗಿತ್ತಂತೆ. ಆಯಮ್ಮ ಕಿರುಚ್ಕೊಂಡು ಓಡಿ ಬಂದೋಳು ಗಂಡನ್ಗೆ ಏನಂದ್ಲು ಗೊತ್ತಾ, ಅದನ್ನೂ ಹಿಂಗೇ ಸುತ್ತಿ ಮಾಡಿ, ರಾತ್ರಿ ಎಲ್ಲಾ ಉರೀತದೆ ಅಂತ. ಹಾವು ನೋಡಿ ಇದು ಹುಟ್ಟಿದ್ದು. ಹೆಂಗೈತೆ ಕಥೆ?"

ನಾನು ಬಿಚ್ಚಿದ ಕಾಗದವನ್ನು ಮತ್ತೆ ಮಡಿಸತೊಡಗಿದೆ.

"ಹುಳ ಇರೋವಾಗ ಮಾತ್ರ ಇದನ್ನ ಕಾಗದದಾಗೆ ಸುತ್ತಿ ಡಬ್ಬೀಲಿ ಹಾಕಿ ಎತ್ತಿಡ್ತಾರೆ. ಸೊಳ್ಳೆಗೇ ವಿಷ ಅಂದ್ಮೇಲೆ ರೇಷ್ಮೆ ಹುಳ ತಡೀತದಾ." ಆಮೇಲೆ ಅವನ ಕಣ್ಣು ಸುಟ್ಟ ತುದಿಯ ಮೇಲೆ ಬಿತ್ತು. ನನ್ನ ಮುಖ ನೋಡಿದ. "ಅಯ್ಯೋ ದೇವುಡಾ," ಎಂದ, ತೀರ ಸಣ್ಣ ದನಿಯಲ್ಲಿ.

ನಮ್ಮ ಕಡೆ ಆಗ ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅಜ್ಜಿಯ ಮನೆಯಲ್ಲಿ ಮಲಗುವಾಗ ಸೊಳ್ಳೆಪರದೆ ಕಟ್ಟುತ್ತಿದ್ದರು. ಇವೆಲ್ಲ ಈಗ ಹೇಳುವ ಸಮಜಾಯಿಷಿ. ಆ ಗಳಿಗೆಯಲ್ಲಿ ನನಗೆ ಕಂಡದ್ದು ಮುಚ್ಚಿದ ಬಾಗಿಲು, ಕೈಮುಗಿದು ನಿಂತ ನಾನು.

ಕದಿರಪ್ಪ ನನ್ನನ್ನು ಮೂಲೆಗೆ ಎಳೆದುಕೊಂಡು ಹೋದ. "ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಂಗಾದ್ರೆ ಸುಮ್ನಿದ್ಬಿಡು. ರೋಗ ಅಂತ ಬರ್ಕೊಂಡು ಸುಟ್ಟಾಕ್ತಾರೆ, ಮುಗೀತು. ಬಾಯಿ ಬಿಟ್ಟೆ ಅಂದ್ರೆ ನಿನ್ನ ವಾಪಸ್ ಹಡಗಿಗೆ ಹತ್ತಿಸ್ತಾರೆ. ನಿಮ್ಮಮ್ಮ ಊರೆಲ್ಲಾ ಹೇಳ್ಕೊಂಡವ್ಳೆ, ಮಗ ಜಪಾನ್‌ಗೆ ಹೋಗವ್ನೆ ಅಂತ. ಯಾವ ಮುಖ ಇಟ್ಕೊಂಡು ಹೋಗ್ತೀಯ?"

"ಮಹಡಿ ಮೇಲಿನ ಹುಳ ಚೆನ್ನಾಗವೆ ಕಣೋ. ಪಕ್ಕದ ಮನೇವೂ ಚೆನ್ನಾಗವೆ. ಅವನ್ನೂ ಸುಡ್ತಾರೆ."

"ಸುಡ್ಲಿ. ಇನ್ನೊಂದು ಬೆಳೆ ತೆಗೀತಾರೆ. ನಿಂಗೆ ಇನ್ನೊಂದು ಜಪಾನ್ ಸಿಗ್ತದಾ?"

ನಾನು ಒಳ್ಳೆಯವನೆಂದು ಯಾರೂ ತಿಳಿಯಬೇಡಿ. ಅವನ ಮಾತು ನನಗೆ ಹಿಡಿಸಿತು. ಸುರುಳಿಯನ್ನು ಕಾಗದದಲ್ಲಿ ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡು ಜಗಲಿಯ ಮೇಲೆ ಕುಳಿತೆ. ಹೇಗೂ ಹಳೆಯ ತಳಿ ಸಾಯುತ್ತಿದೆ, ನಾನು ಹೇಳಿದರೆ ಬದುಕುತ್ತದೆಯೇ ಎಂದು ಸಮಾಧಾನ ಮಾಡಿಕೊಂಡೆ. ಅಂಗಳದಲ್ಲಿ ಹುಲ್ಲಿನ ಒಟ್ಟಿಲು ಎದೆಮಟ್ಟ ಬೆಳೆದಿತ್ತು. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬ. ಬಿಸಿಲು ಏರುತ್ತಿತ್ತು, ಅಧಿಕಾರಿ ಬರಲು ಒಂದು ಗಂಟೆಯೂ ಉಳಿದಿರಲಿಲ್ಲ.

ಆಗ ಅಜ್ಜಿ ತೋಟದಿಂದ ಬಂದರು, ಬೆನ್ನ ಮೇಲೆ ಸೊಪ್ಪಿನ ಬುಟ್ಟಿ. ಏಣಿ ಹತ್ತಿ ಮಹಡಿಗೆ ಹೋದರು. ಹಿಂದೆಯೇ ಹೋದೆ. ಒಂದೊಂದೇ ಎಲೆಯನ್ನು ಸೆರಗಿನಂಥ ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ತೆಗೆದು, ತಟ್ಟೆಗೆ ಹಾಕುತ್ತಿದ್ದರು. ಹುಳ ತಿನ್ನುವ ಸದ್ದು ಜಿಟಿಜಿಟಿ ಕೇಳುತ್ತಿತ್ತು.

"ಅಜ್ಜಿ, ಇವನ್ನು ಇನ್ನೇನು ಸುಡುತ್ತಾರಲ್ಲ. ಸೊಪ್ಪು ಯಾಕೆ?"

ಅವರು ನನ್ನ ಕಡೆ ನೋಡದೆ ಹೇಳಿದರು: "ಹಸಿದಿವೆ."

ಅಂಗಿಯೊಳಗಿನಿಂದ ಪೊಟ್ಟಣ ತೆಗೆದು ಅವರ ಮುಂದಿಟ್ಟೆ. "ನಾನೇ," ಎಂದೆ. "ನಿನ್ನೆ ಕೆಳಗೆ ಇದನ್ನು ಹಚ್ಚಿದೆ. ಧೂಪ ಅಂದುಕೊಂಡೆ."

ಅಜ್ಜಿ ಕಾಗದ ಬಿಚ್ಚಿ ನೋಡಿದರು. ಏಣಿಯ ಮೇಲೆ ಯಾವಾಗಲೋ ಬಂದು ನಿಂತಿದ್ದ ಸಾಬುರೋ ಎಲ್ಲ ಕೇಳಿಸಿಕೊಂಡಿದ್ದ. ಅವನು ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಇಳಿದು ಹೋದ. ಕೆಳಗೆ ಸೀಮೆಎಣ್ಣೆಯ ಡಬ್ಬ ಅಂಗಳದ ಆಚೆಗೆ ಉರುಳಿದ ಸದ್ದು ಕೇಳಿಸಿತು.

"ಯಾಕೆ ಹಚ್ಚಿದೆ?" ಎಂದರು ಅಜ್ಜಿ.

"ನಮ್ಮ ಮನೆಯಲ್ಲಿ ಹುಳ ಹಣ್ಣಾದ ದಿನ ಅಮ್ಮ ಹಚ್ಚುತ್ತಾಳೆ."

"ಏನಂತ ಕೇಳಿಕೊಂಡೆ?"

"ನೂಲು ಚೆನ್ನಾಗಿ ಬರಲಿ, ಒಂದು ಹುಳವೂ ಕೆಡದಿರಲಿ ಅಂತ."

ಅವರು ಮತ್ತೆ ಎಲೆ ಒರೆಸತೊಡಗಿದರು.

ಅಧಿಕಾರಿ ಬಂದರು. ಅವರ ಮುಂದೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಸುಡುವುದು ನಿಂತಿತು. ಅವರು ಬರೆದುಕೊಂಡು, ನನ್ನನ್ನು ಏನು ಮಾಡಬೇಕೆಂದು ಮೇಲಿನವರು ತೀರ್ಮಾನಿಸುತ್ತಾರೆ, ಈಗಲೇ ಪೆಟ್ಟಿಗೆ ಕಟ್ಟಿಕೊಂಡು ತಮ್ಮ ಜೊತೆ ಬರುವುದು ಒಳ್ಳೆಯದು ಎಂದರು. (ಊರಿಗೆ ಕಳಿಸಲಿಲ್ಲ. ವಾರದ ಮೇಲೆ ಬೇರೆ ಜಿಲ್ಲೆಗೆ ಹಾಕಿದರು.) ನಾನು ಪೆಟ್ಟಿಗೆ ತರಲು ಏಳುತ್ತಿದ್ದಂತೆ ಅಜ್ಜಿ ಅಡ್ಡ ಬಂದರು.

"ಇವನು ಬೀಳಿಸಿದವನ್ನು ಇವನೇ ಎತ್ತಲಿ," ಎಂದರು ಅಧಿಕಾರಿಗೆ. "ಆಮೇಲೆ ಎಲ್ಲಿಗಾದರೂ ಕರೆದುಕೊಂಡು ಹೋಗಿ."

ಭಾನುವಾರ

ಅಲ್ಲಿ ಚಂದ್ರಂಕಿ ಇಲ್ಲ. ಬತ್ತದ ಹುಲ್ಲನ್ನು ಏಣು ಏಣಾಗಿ ಮಡಿಸಿ ಇಡುತ್ತಾರೆ, ಹಣ್ಣು ಹುಳ ತಾನೇ ಹತ್ತಿ ಸಂದು ಹಿಡಿಯುತ್ತದೆ. ಇವಕ್ಕೆ ಹತ್ತುವ ಶಕ್ತಿ ಇರಲಿಲ್ಲ. ಶನಿವಾರ ಮಧ್ಯಾಹ್ನದಿಂದಲೇ ನಾನು ಬಿದ್ದ ಹುಳಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಎತ್ತಿ, ಬಾಯಿಯ ಹಸಿರು ನೀರನ್ನು ಹತ್ತಿಯಲ್ಲಿ ಒರೆಸಿ, ಜೀವವಿದೆ ಅನ್ನಿಸಿದವನ್ನು ಹುಲ್ಲಿನ ಸಂದಿಗೆ ಇಡುತ್ತ ಹೋದೆ. ಮುಕ್ಕಾಲು ಪಾಲು ಕೈಯಲ್ಲೇ ಸತ್ತವು. ಸತ್ತವನ್ನು ಅಜ್ಜಿ ಒಂದು ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದರು.

"ಎಷ್ಟು ಉಳಿದರೆ ಬಿತ್ತನೆಗೆ ಸಾಕು?" ಎಂದು ಕೇಳಿದ್ದೆ.

"ನೂರು ಗೂಡು. ಅದಕ್ಕಿಂತ ಕಡಿಮೆಯಾದರೆ ಗಂಡು ಹೆಣ್ಣು ಸರಿಹೊಂದುವುದಿಲ್ಲ."

ಭಾನುವಾರ ಬೆಳಗ್ಗೆ ಒಂದೂ ನೂಲು ಬಿಟ್ಟಿರಲಿಲ್ಲ. ಹುಳಗಳು ಸಂದಿಯಲ್ಲಿ ಇಟ್ಟ ಹಾಗೇ ಇದ್ದವು. ಕದಿರಪ್ಪ ಬಂದು ಬಾಗಿಲಲ್ಲಿ ನಿಂತು ನೋಡಿ, ತೋಟಕ್ಕೆ ಹೋಗಿ ಮಹಡಿಯ ಹುಳಕ್ಕೆ ಸೊಪ್ಪು ಕೊಯ್ಯತೊಡಗಿದ. ನನ್ನ ಬೆರಳು ಮರಗಟ್ಟಿದ್ದವು. ಇನ್ನೂ ಎರಡು ತಟ್ಟೆ ಉಳಿದಿತ್ತು. ಹೊತ್ತು ಏರುತ್ತಿದ್ದಂತೆ ಸಾಬುರೋ ಒಳಗೆ ಬಂದ. ನನ್ನ ಮುಖ ನೋಡಲಿಲ್ಲ. ಎದುರಿಗೆ ಕುಳಿತು ಕೈ ಒರೆಸಿಕೊಂಡು ಒಂದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಮಧ್ಯಾಹ್ನ ಕಳೆದ ಮೇಲೆ ಅಜ್ಜಿ ಹುಲ್ಲಿನ ಹತ್ತಿರ ಬಗ್ಗಿದವರು ಹಾಗೆಯೇ ನಿಂತರು. ಬಿಸಿಲಿಗೆ ಒಡ್ಡಿ ತೋರಿಸಿದರು. ಎರಡು ಹುಲ್ಲಿನ ಕಡ್ಡಿಗಳ ನಡುವೆ ಒಂದು ಎಳೆ. ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. "ಒಂದು," ಎಂದರು.

ಆಮೇಲಿನ ಮೂರು ಗಂಟೆಯಲ್ಲಿ ನಾವು ಮೂವರೂ ಮಾತಾಡಿದ ಮಾತೆಂದರೆ ಎಣಿಕೆ ಮಾತ್ರ. ಹನ್ನೆರಡು. ಮೂವತ್ತು. ಐವತ್ತರ ಹತ್ತಿರ ಬಂದು ಬಹಳ ಹೊತ್ತು ನಿಂತುಹೋಯಿತು. ನಾಲ್ಕು ಹುಳ ಅರ್ಧ ನೂಲು ಹಾಕಿ ಸತ್ತವು, ಅಜ್ಜಿ ಎಣಿಕೆಯಿಂದ ನಾಲ್ಕು ಕಳೆದರು. ಎಪ್ಪತ್ತು ದಾಟಿತು. ತೊಂಬತ್ತಾರರಲ್ಲಿ ಮತ್ತೆ ನಿಂತಿತು. ಸಾಬುರೋ ಕೊನೆಯ ಸಾಲಿನ ಹುಲ್ಲನ್ನು ಎತ್ತಿ ಎತ್ತಿ ನೋಡಿದ. ಮೂರು ಸಿಕ್ಕವು. ತೊಂಬತ್ತೊಂಬತ್ತು.

ನಾನು ಆಗ ಎತ್ತುತ್ತಿದ್ದ ಹುಳ ಸೊರಗಿ ಸುಕ್ಕಾಗಿತ್ತು. ಸತ್ತಿದೆ ಎಂದೇ ಬಿಳಿ ಬಟ್ಟೆಯ ಕಡೆಗೆ ಕೈ ಚಾಚಿದೆ. ಬೆರಳಿಗೆ ಏನೋ ಅಂಟಿದಂತಾಯಿತು. ಅದು ನನ್ನ ಹೆಬ್ಬೆರಳ ಮೇಲೆಯೇ ತಲೆಯಾಡಿಸಿ ನೂಲು ಹಾಕುತ್ತಿತ್ತು. ಅಜ್ಜಿ ನನ್ನ ಕೈ ಹಿಡಿದು, ಆ ಎಳೆ ತುಂಡಾಗದಂತೆ ಹುಳವನ್ನು ಮೆಲ್ಲಗೆ ಹುಲ್ಲಿಗೆ ದಾಟಿಸಿದರು. ನೂರು ಎಂದು ಯಾರೂ ಅನ್ನಲಿಲ್ಲ.

ಅಪ್ಪ ತೀರಿಕೊಂಡಾಗಲೂ ನಾನು ಜನರ ಮುಂದೆ ಅತ್ತಿರಲಿಲ್ಲ. ಅಲ್ಲಿ ತಟ್ಟೆಯ ಮೇಲೆ ಬಗ್ಗಿಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ನನ್ನ ಭುಜಕ್ಕೆ ಕೈಹಾಕಿ ಹಿಂದಕ್ಕೆ ಸರಿಸಿದರು.

"ಅಳಬೇಡಪ್ಪ," ಎಂದರು. "ಹುಳದ ಮೇಲೆ ನೀರು ಬೀಳುತ್ತೆ."

ನಾನು ಮುಖವನ್ನು ಆ ಕಡೆ ತಿರುಗಿಸಿಕೊಂಡು, ತೋಳಿನಿಂದ ಕಣ್ಣೊರೆಸಿ, ಮುಂದಿನ ಹುಳ ಎತ್ತಿದೆ.